ಫ್ಲೀಸ್ ಕಂಬಳಿ ರಿವ್ಯೂ: ಮಳೆಗಾಲದಲ್ಲಿ ಬೇಗ ಒಣಗತ್ತೆ, ಚಳೀಲಿ ಚಟಚಟ ಅನ್ನತ್ತೆ, ಎರಡಕ್ಕೂ ಕಾರಣ ಒಂದೇ

ಮೊದ್ಲೇ ಹೇಳ್ಬಿಡ್ತೀನಿ, ಕಂಬಳಿ ಚೆನ್ನಾಗಿದೆ, ತಗೊಳ್ಬೋದು. 5ಕ್ಕೆ 4 ಸ್ಟಾರ್ ಕೊಡ್ತೀನಿ. ಶಿವಮೊಗ್ಗ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಜಿಪ್ ಬ್ಯಾಗಲ್ಲಿ ಹಾಕಿ ಒಂದ್ರ ಮೇಲೊಂದು ಜೋಡಿಸಿಟ್ಟಿರ್ತಾರಲ್ಲ, ದೊಡ್ಡ ದೊಡ್ಡ ಹೂವಿನ ಡಿಸೈನು, ಮುಟ್ಟಿದ್ರೆ ಮೆತ್ತಗೆ, ಎತ್ತಿದ್ರೆ ಹಗುರ, ಅದೇ ಫ್ಲೀಸ್ ಕಂಬಳಿ. ಬ್ರ್ಯಾಂಡ್ ಅಂತ ಏನಿಲ್ಲ, ಮೂಲೇಲಿ ಹೊಲಿದಿರೋ ಲೇಬಲ್ ಮೇಲೆ 100% ಪಾಲಿಯೆಸ್ಟರ್ ಅಂತಿದೆ ಅಷ್ಟೆ. ಬೆಚ್ಚಗಿರತ್ತೆ, ಚುಚ್ಚಲ್ಲ, ಬಣ್ಣ ಬಿಡ್ಲಿಲ್ಲ, ಮಕ್ಕಳೇ ಮಡಚಿಡೋಷ್ಟು ಹಗುರ. ಇದ್ರ ಬಗ್ಗೆ ಎಲ್ರೂ ಹೇಳೋ ಕಂಪ್ಲೇಂಟ್ ಒಂದೇ, ಡಿಸೆಂಬರ್ ಜನವರೀಲಿ ಹೊದ್ಕೊಂಡ್ರೆ ಚಟಚಟ ಸೌಂಡ್ ಬರತ್ತೆ, ಕತ್ತಲಲ್ಲಿ ಸಣ್ಣ ಸಣ್ಣ ಕಿಡಿ ಕಾಣತ್ತೆ, ಎದ್ದು ಬಾಗಿಲ ಚಿಲಕ ಮುಟ್ಟಿದ್ರೆ ಬೆರಳಿಗೆ ಪಟ್ ಅಂತ ಹೊಡಿಯತ್ತೆ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡೋನು, ಹಂಗಾಗಿ ಈ ರಿವ್ಯೂದಲ್ಲಿ ಬೆಲೆ ಬಣ್ಣಕ್ಕಿಂತ ಈ ಚಟಚಟದ ಬಗ್ಗೆನೇ ಜಾಸ್ತಿ ಬರೀತೀನಿ, ಯಾಕಂದ್ರೆ ಜನ ಇದನ್ನ ಡಿಫೆಕ್ಟ್ ಪೀಸ್ ಅಂದ್ಕೊಂಡು ವಾಪಸ್ ಕೊಡ್ತಿದಾರೆ.

ನಾನು ಅಂಗಡೀಲಿ ಇದ್ದಾಗ್ಲೇ ಹೊಸನಗರ ಕಡೆಯ ಒಬ್ರು ಅಕ್ಕ ವಾಪಸ್ ತಂದಿದ್ರು.

"ಇದ್ರಲ್ಲಿ ಕರೆಂಟ್ ಇದೆ ಮಾರಾಯ್ರೆ, ನಮ್ಮ ಮಗು ಹೆದ್ರಿ ಮುಟ್ಟೋದೇ ಇಲ್ಲ ಅಂತದೆ. ಬೇರೆ ಪೀಸ್ ಕೊಡಿ."

"ಬೇರೆ ಕೊಟ್ರೂ ಹಂಗೇ ಅಕ್ಕ. ಒಂದ್ಸಲ ವಾಶ್ ಮಾಡಿ, ಹೋಗತ್ತೆ."

ಅಂಗಡಿಯೋರ ಮಾತಿನ ಮೊದಲರ್ಧ ಪೂರ್ತಿ ನಿಜ, ಯಾವ ಪೀಸ್ ತಗೊಂಡ್ರೂ ಹಂಗೇ. ಎರಡನೇ ಅರ್ಧ ಮಾತ್ರ ಸರಿಯಲ್ಲ. ಪಾಲಿಯೆಸ್ಟರ್ ಎಳೆ ಫ್ಯಾಕ್ಟರೀಲಿ ಮಷಿನ್ ಮೇಲೆ ಓಡುವಾಗ್ಲೇ ಚಾರ್ಜ್ ಆಗಿ (ಅಂದ್ರೆ ಮೇಲೆ ಸ್ಥಿರ ವಿದ್ಯುತ್ ಕೂತು) ಒಂದನ್ನೊಂದು ದೂರ ತಳ್ಳಿ ಕೆದರಿಕೊಳ್ಳತ್ತೆ, ಅದಾಗ್ಬಾರ್ದು ಅಂತ ಎಳೆಗೆ ಎಣ್ಣೆ ಥರದ ಒಂದು ಲೇಪ ಕೊಡ್ತಾರೆ, ಅದ್ರಲ್ಲಿ ಚಾರ್ಜ್ ಕಮ್ಮಿ ಮಾಡೋ ಕೆಮಿಕಲ್ಲೂ ಇರತ್ತೆ. ಅಂಥ ಲೇಪ ಬಟ್ಟೆ ಮೇಲೆ ಎಷ್ಟು ಉಳಿದಿರತ್ತೋ ಅದು ವಾಶ್ ಮಾಡಿದಷ್ಟೂ ಹೋಗತ್ತೆ. ಹಂಗಾಗಿ ಬರೀ ಸೋಪ್ ಪೌಡರ್ ಹಾಕಿ ಒಗೆದ್ರೆ ಚಟಚಟ ಕಮ್ಮಿ ಆಗಲ್ಲ, ಚಳಿಗಾಲದಲ್ಲಿ ಸ್ವಲ್ಪ ಜಾಸ್ತಿನೇ ಆಗ್ಬೋದು.

ಈಗ ವಿಷ್ಯಕ್ಕೆ ಬರೋಣ. ಕಂಬಳಿ ಒಳಗೆ ಕರೆಂಟ್ ತುಂಬಿಟ್ಟಿರಲ್ಲ. ಎರಡು ಬೇರೆ ಬೇರೆ ವಸ್ತು ಒಂದಕ್ಕೊಂದು ತಾಗಿದಾಗ ಒಂದ್ರ ಮೇಲಿಂದ ಇನ್ನೊಂದಕ್ಕೆ ಒಂಚೂರು ಚಾರ್ಜ್ ದಾಟತ್ತೆ. ಒಂದು ಪ್ಲಸ್, ಇನ್ನೊಂದು ಮೈನಸ್. ಉಜ್ಜಲೇಬೇಕು ಅಂತೇನಿಲ್ಲ, ಬರೀ ತಾಗಿ ಬಿಟ್ರೂ ಆಗತ್ತೆ, ಮುಖ್ಯವಾದ್ದು ತಾಗೋದು ಮತ್ತೆ ಬೇರೆ ಆಗೋದು ಅಂತ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1879ರಲ್ಲೇ ಹೇಳಿದ್ರು. ಹಂಗಾದ್ರೆ ಉಜ್ಜಿದ್ರೆ ಜಾಸ್ತಿ ಯಾಕೆ ಅಂದ್ರೆ, ಎರಡು ಬಟ್ಟೆ ಒಂದ್ರ ಮೇಲೊಂದು ಇಟ್ಟಾಗ ನಿಜವಾಗಿ ತಾಗಿರೋ ಜಾಗ ತುಂಬಾ ಕಮ್ಮಿ, ಅಲ್ಲಲ್ಲಿ ಎಳೆ ತುದಿಗಳು ಅಷ್ಟೆ, ಉಜ್ಜಿದಾಗ ಹೊಸ ಹೊಸ ಜಾಗ ತಾಗ್ತಾ ಹೋಗತ್ತೆ. ಫ್ಲೀಸ್‌ನಲ್ಲಂತೂ ಎಳೆ ವಿಪರೀತ ಸಣ್ಣ. 9 ಕಿಲೋಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದ್ರೆ ಅದಕ್ಕೆ 1 ಡೆನಿಯರ್ ಅಂತಾರೆ, ಮೈಕ್ರೋಫೈಬರ್ ಅಂತ ಮಾರೋದೆಲ್ಲ ಅದಕ್ಕಿಂತಲೂ ಸಣ್ಣ ಎಳೆ. ಅಷ್ಟು ಎಳೆನ ಬ್ರಶ್ ಮಾಡಿ ಎಬ್ಬಿಸಿರ್ತಾರೆ, ಅದಕ್ಕೇ ಮೆತ್ತಗಿರೋದು, ಗಾಳಿ ಹಿಡಿದಿಟ್ಕೊಂಡು ಬೆಚ್ಚಗಿರೋದು, ನಾವು ಮಗ್ಗುಲು ಬದಲಿಸಿದಾಗೆಲ್ಲ ಅಷ್ಟು ಎಳೆಗಳೂ ನಮ್ಮ ಬಟ್ಟೆಗೆ, ಬೆಡ್‌ಶೀಟಿಗೆ ತಾಗಿ ತಾಗಿ ಚಾರ್ಜ್ ಆಗೋದೂ.

ದಾಟೋ ಚಾರ್ಜ್ ಎಷ್ಟು ಕಮ್ಮಿ ಅಂತ ಗೊತ್ತಾದ್ರೆ ಆಶ್ಚರ್ಯ ಆಗತ್ತೆ. ಸಾಧಾರಣ ಗಾಳೀಲಿ ಒಂದು ಚಪ್ಪಟೆ ಹಾಳೆ ತನ್ನ ಮೇಲೆ ಹಿಡಿದಿಟ್ಕೊಳ್ಳೋ ಚಾರ್ಜು ಒಂದು ಚದರ ಮೀಟರಿಗೆ ಹೆಚ್ಚು ಕಮ್ಮಿ 26 ಮೈಕ್ರೋಕೂಲಂಬ್ (ಕೂಲಂಬ್ ಅಂದ್ರೆ ಚಾರ್ಜಿನ ಅಳತೆ, ಇದು ಅದ್ರ ಹತ್ತು ಲಕ್ಷದಲ್ಲೊಂದು ಪಾಲು) ದಾಟಿದ್ರೆ ಗಾಳಿನೇ ತಡಿಯಲ್ಲ, ಕಿಡಿ ಹಾರ್ಬಿಡತ್ತೆ. ಲೆಕ್ಕ ಹಾಕಿದ್ರೆ ಮೇಲ್ಮೈ ಮೇಲಿರೋ ಲಕ್ಷ ಪರಮಾಣುಗಳಲ್ಲಿ ಒಂದೋ ಎರಡೋ ಮಾತ್ರ ಒಂದು ಎಲೆಕ್ಟ್ರಾನ್ ಜಾಸ್ತಿ ಪಡೆದಿರತ್ತೆ. ಅಷ್ಟಕ್ಕೇ ಈ ಗಲಾಟೆ.

ಸೌಂಡ್ ಯಾವಾಗ ಬರತ್ತೆ ಅಂತ ಗಮನಿಸಿ. ಸುಮ್ನೆ ಮಲಗಿದಾಗ ಬರಲ್ಲ, ಕಂಬಳಿ ತೆಗೆದು ಏಳುವಾಗ ಬರತ್ತೆ. ಇದು ನಂಗೆ ತುಂಬಾ ಇಷ್ಟವಾದ ಭಾಗ. ಹೊದ್ದಿರುವಾಗ ಪ್ಲಸ್ಸೂ ಮೈನಸ್ಸೂ ಅಕ್ಕಪಕ್ಕದಲ್ಲೇ ಇರತ್ತೆ, ಹೊರಗಿಂದ ನೋಡಿದ್ರೆ ಏನೂ ಇಲ್ಲ ಅನ್ಸತ್ತೆ. ಕಂಬಳಿ ಎಳೆದಾಗ ಒಂದನ್ನೊಂದು ಸೆಳೀತಿರೋ ಅವೆರಡನ್ನ ನಾವು ಕೈಯಾರೆ ದೂರ ಮಾಡ್ತೀವಿ, ರಬ್ಬರ್ ಬ್ಯಾಂಡ್ ಎಳೆದ ಹಾಗೆ ನಮ್ಮ ಕೈ ಹಾಕಿದ ಶಕ್ತಿ ಅದ್ರೊಳಗೆ ಸೇರ್ಕೊಳ್ಳತ್ತೆ, ಚಾರ್ಜ್ ಅಷ್ಟೇ ಇದ್ರೂ ದೂರ ಜಾಸ್ತಿ ಆದಷ್ಟೂ ವೋಲ್ಟೇಜ್ ಏರ್ತಾ ಹೋಗತ್ತೆ. ಗಾಳಿ ಒಂದು ಮಿಲಿಮೀಟರಿಗೆ ಸುಮಾರು 3000 ವೋಲ್ಟ್ ತನಕ ತಡಿಯತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಕಿಡಿ. ಕತ್ತಲಲ್ಲಿ ನೀಲಿ ನೇರಳೆ ಬಣ್ಣ ಕಾಣತ್ತಲ್ಲ, ಅದು ಗಾಳೀಲಿರೋ ನೈಟ್ರೋಜನ್ ಬೆಳಗೋದು, ಕಂಬಳಿ ಸುಡ್ತಿರೋದಲ್ಲ.

ವೋಲ್ಟೇಜ್ ಸಾವಿರಗಟ್ಟಲೆ ಅಂದ ತಕ್ಷಣ ಹೆದರ್ಬೇಡಿ. ಮನುಷ್ಯನ ಮೈ ಹಿಡಿದಿಡೋ ಚಾರ್ಜ್ ತೀರ ಕಮ್ಮಿ, ಆ ಹಿಡಿದಿಡೋ ಸಾಮರ್ಥ್ಯಕ್ಕೆ ಕೆಪಾಸಿಟನ್ಸ್ ಅಂತಾರೆ, ಮೈಗೆ ಅದು ಸುಮಾರು 100 ಪಿಕೋಫ್ಯಾರಡ್. ಮೈ 10,000 ವೋಲ್ಟಿಗೆ ಏರಿದ್ರೂ ಒಳಗಿರೋ ಶಕ್ತಿ 5 ಮಿಲಿಜೂಲ್ (ಜೂಲ್ ಅಂದ್ರೆ ಶಕ್ತಿಯ ಅಳತೆ, ಇದು ಅದ್ರ ಸಾವಿರದಲ್ಲೊಂದು ಪಾಲು) ಅಷ್ಟೆ, ಅದೂ ಕಣ್ಣು ಮಿಟುಕಿಸೋದ್ರೊಳಗೆ ಮುಗಿದು ಹೋಗತ್ತೆ. ಮನೆ ಲೈನಲ್ಲಿ 230 ವೋಲ್ಟೇ ಇದ್ರೂ ಅಲ್ಲಿ ಕರೆಂಟು ಹರೀತಾನೇ ಇರತ್ತೆ, ಅಪಾಯ ಇರೋದು ಅಲ್ಲಿ. ಕಂಬಳಿ ಶಾಕ್ ನಮ್ಮ ಗಮನಕ್ಕೆ ಬರೋದೇ ಸುಮಾರು 3000 ವೋಲ್ಟ್ ಆದ್ಮೇಲೆ. ಆ ಅಕ್ಕನ ಮಗುಗೆ ಏನೂ ಆಗಲ್ಲ.

ಇನ್ನು ಯಾವುದಕ್ಕೆ ಯಾವುದು ತಾಗಿದ್ರೆ ಜಾಸ್ತಿ ಅನ್ನೋದು. ಇದನ್ನ ಸಾಲಾಗಿ ಬರ್ದಿಡೋ ಪದ್ಧತಿ ಹಳೇದು, ಯೋಹಾನ್ ವಿಲ್ಕೆ ಅನ್ನೋ ವಿಜ್ಞಾನಿ 1757ರಲ್ಲೇ ಮೊದಲ ಪಟ್ಟಿ ಮಾಡಿದ್ರು. ಈಗಿನ ಪಟ್ಟೀಲಿ ಪ್ಲಸ್ ಕಡೆ (ತಾಗಿದಾಗ ಪ್ಲಸ್ ಆಗೋ ಕಡೆ) ನಮ್ಮ ಚರ್ಮ, ಕೂದಲು, ನೈಲಾನ್, ಉಣ್ಣೆ, ಆಮೇಲೆ ರೇಷ್ಮೆ. ನಡುವೆ ಹತ್ತಿ. ಮೈನಸ್ ಕಡೆ ಪಾಲಿಯೆಸ್ಟರ್, ಇನ್ನೂ ಆಚೆ ಪಾಲಿಥೀನ್, ಪಾಲಿಪ್ರೊಪಿಲೀನ್, ಪಿವಿಸಿ, ಕೊನೇಲಿ ದೋಸೆ ತವಾ ಮೇಲಿರೋ ಟೆಫ್ಲಾನ್. ಪಟ್ಟಿಯಿಂದ ಪಟ್ಟಿಗೆ ಅಕ್ಕಪಕ್ಕದೋರು ಜಾಗ ಬದಲಾಯಿಸ್ತಾರೆ, ಆದ್ರೆ ಎರಡು ತುದಿ ಹೆಚ್ಚು ಕಮ್ಮಿ ಹಂಗೇ ಇರತ್ತೆ. 2019ರಲ್ಲಿ ಅಮೆರಿಕಾದ ಜಾರ್ಜಿಯಾ ಟೆಕ್‌ನೋರು ಐವತ್ತಕ್ಕೂ ಜಾಸ್ತಿ ಪದಾರ್ಥಗಳನ್ನ ತಗೊಂಡು ಪ್ರತಿಯೊಂದನ್ನೂ ಪಾದರಸಕ್ಕೆ ತಾಗಿಸಿ ಅಳೆದ್ರು, ಪಾದರಸ ಯಾಕಂದ್ರೆ ಅದು ದ್ರವ, ಸಂದುಗೊಂದಿಗೆಲ್ಲ ಸರಿಯಾಗಿ ತಾಗತ್ತೆ, ಹಂಗಾಗಿ ಎಲ್ಲಕ್ಕೂ ಒಂದೇ ಅಳತೆ ಸಿಗತ್ತೆ.

ಪಟ್ಟೀಲಿ ದೂರ ದೂರ ಇರೋ ಎರಡು ತಾಗಿದ್ರೆ ಸಾಮಾನ್ಯವಾಗಿ ಚಾರ್ಜ್ ಜಾಸ್ತಿ. ಇದನ್ನ ತೀರ್ಥಹಳ್ಳಿ ಕಡೆ ನಮ್ಮೂರ ಮನೇಲಿ ಜನವರೀಲಿ ರಾತ್ರಿ ಲೈಟ್ ಆರಿಸಿ ನೋಡ್ದೆ. ಫ್ಲೀಸ್ ಕೆಳಗೆ ಹಳೇ ಕಾಟನ್ ಬೆಡ್‌ಶೀಟ್, ಮೈ ಮೇಲೆ ಕಾಟನ್ ಬನಿಯನ್ನು ಇದ್ರೆ ಸೌಂಡ್ ಇತ್ತು ಆದ್ರೆ ಕಿಡಿ ಇಲ್ಲ ಅನ್ನೋಷ್ಟು ಕಮ್ಮಿ. ನೈಲಾನ್ ಸೊಳ್ಳೆ ಪರದೆಗೆ ಕಂಬಳಿ ತಾಗಿ ಎಳೆದಾಗ ಪರದೆನೇ ಕಂಬಳಿ ಹಿಂದೆ ಬಂತು. ಎಲ್ಲಕ್ಕಿಂತ ಜೋರು ಯಾವುದು ಗೊತ್ತಾ, ನಮ್ಮಲ್ಲಿ ಎಲ್ರ ಮನೇಲೂ ಇರೋ ಜೋಡಿ. ಚಳಿ ಜಾಸ್ತಿ ಅಂತ ಫ್ಲೀಸ್ ಮೇಲೆ ಚಳ್ಳಕೆರೆ ಕಡೆಯ ಕರಿ ಕಂಬಳಿ ಹೊದೀತೀವಲ್ಲ, ಕುರಿ ಉಣ್ಣೆದು, ಅದು ಪ್ಲಸ್ ಕಡೆ, ಇದು ಮೈನಸ್ ಕಡೆ, ಬೆಳಿಗ್ಗೆ ಒಂದ್ರಿಂದ ಒಂದು ಬಿಡಿಸಿದ್ರೆ ಉದ್ದಕ್ಕೂ ಕಿಡಿ ಸಾಲು. ಅಮ್ಮ ಎದ್ದು ಕೂತು ನೋಡಿದ್ರು. "ಇಷ್ಟು ವರ್ಷ ಬರೀ ಕರಿ ಕಂಬಳಿ ಹೊದ್ದಿದೀವಿ, ಹಿಂಗಾಗಿಲ್ವಲ್ಲೋ" ಅಂದ್ರು. ಹೌದು, ಯಾಕಂದ್ರೆ ಆಗ ಕೆಳಗಿದ್ದಿದ್ದು ಹತ್ತಿ ಕೌದಿ. ದೋಷ ಫ್ಲೀಸ್‌ದೂ ಅಲ್ಲ, ಕಂಬಳಿದೂ ಅಲ್ಲ, ಆ ಎರಡು ಜೊತೆಯಾದದ್ರದ್ದು.

ಮನೇಲಿ ಲೈನ್ ಟೆಸ್ಟರ್ ಇದ್ರೆ, ಆ ಸ್ಕ್ರೂಡ್ರೈವರ್ ಥರದ್ದು, ಒಳಗೆ ನಿಯಾನ್ ಬಲ್ಬ್ ಇರೋದು, ನೀವೂ ನೋಡ್ಬೋದು. ರಬ್ಬರ್ ಚಪ್ಪಲಿ ಹಾಕ್ಕೊಂಡು ಕಂಬಳಿ ಕೊಡವಿ, ಟೆಸ್ಟರ್ ಹಿಂದಿನ ಲೋಹದ ಕ್ಯಾಪ್ ಬೆರಳಲ್ಲಿ ಹಿಡ್ಕೊಂಡು ಅದ್ರ ತುದೀನ ಕಬ್ಬಿಣದ ಕಿಟಕಿ ಸರಳಿಗೆ ತಾಗಿಸಿ, ಕತ್ತಲಲ್ಲಿ ಒಂದು ಕ್ಷಣ ಕೆಂಪಗೆ ಮಿನುಗತ್ತೆ. ಒಳಗೆ ದೊಡ್ಡ ರೆಸಿಸ್ಟರ್ ಇರೋದ್ರಿಂದ ಶಾಕ್ ಗೊತ್ತಾಗೋದೇ ಇಲ್ಲ. ಬಲ್ಬೊಳಗೆ ಎರಡು ಪುಟ್ಟ ಕಡ್ಡಿ ಇರತ್ತೆ, ಬೆಳಗೋದು ಮೈನಸ್ ಕಡೆಯದ್ದು ಮಾತ್ರ, ಅದ್ರಿಂದ ನಿಮ್ಮ ಮೈ ಪ್ಲಸ್ ಆಗಿತ್ತಾ ಮೈನಸ್ ಆಗಿತ್ತಾ ಅಂತನೂ ತಿಳಿಯತ್ತೆ. ಪ್ಲಗ್ ಪಾಯಿಂಟ್ ಹತ್ರ ಮಾತ್ರ ಈ ಪ್ರಯೋಗ ಬೇಡ.

ಹಂಗಾದ್ರೆ ಮಳೆಗಾಲದಲ್ಲಿ ಯಾಕಿಲ್ಲ? ಜುಲೈಲಿ ಇದೇ ಕಂಬಳಿ, ಇದೇ ಮಂಚ, ಒಂದು ಸಲನೂ ಚಟ್ ಅನ್ಲಿಲ್ಲ. ನಮ್ಮ ಪಕ್ಕದ ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ಆಷಾಢದಲ್ಲಿ ಗೋಡೆ ಮುಟ್ಟಿದ್ರೂ ತಣ್ಣಗೆ ಒದ್ದೆ. ಗಾಳೀಲಿ ತೇವಾಂಶ 60-65% ದಾಟಿದ್ರೆ ಬಟ್ಟೆ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರಿನ ಪದರ ಕೂರತ್ತೆ, ಚಾರ್ಜ್ ಅದ್ರಲ್ಲೇ ಹರಿದು ಹೋಗತ್ತೆ. 40%ಗಿಂತ ಕೆಳಗಿಳಿದ್ರೆ ಹೋಗೋಕೆ ದಾರಿ ಇಲ್ಲ, ಕೂತಲ್ಲೇ ಕೂರತ್ತೆ. ಶಿವಮೊಗ್ಗ ಪೇಟೇಲಿ ಫೆಬ್ರವರಿ ಮಾರ್ಚ್ ಮಧ್ಯಾಹ್ನ ಗಾಳಿ ಹಂಗೇ ಒಣಗಿರತ್ತೆ, ಆಗ ಕಂಬಳಿ ಮಡಚೋಕೆ ಹೋದ್ರೂ ಕೈ ಕೂದಲು ನೆಟ್ಟಗೆ ನಿಲ್ಲತ್ತೆ.

ಇಲ್ಲೇ ನಾನು ಹೇಳ್ಬೇಕು ಅಂತಿರೋ ಮಾತು ಇರೋದು. 65% ತೇವಾಂಶದಲ್ಲಿ ಇಟ್ರೆ ಉಣ್ಣೆ ತನ್ನ ತೂಕದ ಸುಮಾರು 16% ನೀರು ಹೀರ್ಕೊಳ್ಳತ್ತೆ, ಹತ್ತಿ 8%, ನೈಲಾನ್ 4%, ಪಾಲಿಯೆಸ್ಟರ್ ಬರೀ 0.4%. ಅಂದ್ರೆ ಈ ಕಂಬಳಿಯ ಎಳೆ ನೀರನ್ನ ಒಳಗೆ ಬಿಟ್ಕೊಳ್ಳೋದೇ ಇಲ್ಲ. ಮಲೆನಾಡಲ್ಲಿ ಮಳೆಗಾಲದ ಸಂಸಾರ ಮಾಡಿದೋರಿಗೆ ಇದ್ರ ಬೆಲೆ ಗೊತ್ತು. ಹತ್ತಿ ಕೌದಿ ಒಗೆದ್ರೆ ವಾರ ಆದ್ರೂ ಒಣಗಲ್ಲ, ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ರೆ ಹೊಗೆ ವಾಸನೆ, ಒಣಗಿಸದೇ ಮಡಚಿಟ್ರೆ ಮುಗ್ಗಲು ವಾಸನೆ, ಬೂಷ್ಟು. ಫ್ಲೀಸ್‌ನ ವಾಷಿಂಗ್ ಮಷಿನಲ್ಲಿ ಚೆನ್ನಾಗಿ ಹಿಂಡಿ ಜಗುಲೀಲಿ ಫ್ಯಾನ್ ಕೆಳಗೆ ಹರವಿದ್ರೆ ಬೆಳಿಗ್ಗೆ ಹೊದ್ಕೊಳ್ಳೋಕೆ ರೆಡಿ. ನೀರು ಹಿಡಿಯಲ್ಲ ಅನ್ನೋ ಗುಣ ಆಷಾಢದಲ್ಲಿ ನಮ್ಮನ್ನ ಕಾಪಾಡತ್ತೆ, ಅದೇ ಗುಣ ಪುಷ್ಯದ ಚಳೀಲಿ ಚಾರ್ಜ್ ಹೊರಗೆ ಹೋಗದ ಹಾಗೆ ಕಟ್ಟಿ ಹಾಕತ್ತೆ. ಒಂದು ಬೇಕು ಇನ್ನೊಂದು ಬೇಡ ಅಂದ್ರೆ ಆಗಲ್ಲ. ಅದಕ್ಕೇ ಈ ಚಟಚಟವನ್ನ ಡಿಫೆಕ್ಟ್ ಅಂತ ಕರೆಯೋದು ನಂಗೆ ಒಪ್ಪಿಗೆ ಇಲ್ಲ.

ನಿಜವಾಗಿ ಒಂದು ಎಳೆಯಿಂದ ಇನ್ನೊಂದಕ್ಕೆ ದಾಟೋದು ಏನು ಅನ್ನೋದ್ರಲ್ಲಿ ವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಎಲೆಕ್ಟ್ರಾನೇ ದಾಟತ್ತೆ ಅನ್ನೋರಿದಾರೆ, ಮೇಲ್ಮೈ ನೀರಲ್ಲಿರೋ ಅಯಾನುಗಳು (ಚಾರ್ಜ್ ಇರೋ ಪರಮಾಣು, ಅಣುಗಳು) ಅನ್ನೋರಿದಾರೆ, ಪಾಲಿಮರ್ (ಪ್ಲಾಸ್ಟಿಕ್, ಪಾಲಿಯೆಸ್ಟರ್ ಥರದ ಉದ್ದ ಅಣುಗಳ ಪದಾರ್ಥ) ಸರಪಳಿನೇ ತುಂಡಾಗಿ ಚಾರ್ಜ್ ಸಮೇತ ಪದಾರ್ಥದ ಚೂರೇ ಅಂಟ್ಕೊಂಡು ಹೋಗತ್ತೆ ಅನ್ನೋರೂ ಇದಾರೆ, ಜೋಡಿ ನೋಡ್ಕೊಂಡು ಮೂರೂ ನಡೀಬಹುದು. 2011ರಲ್ಲಿ ಅಮೆರಿಕಾದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯೋರು ಚಾರ್ಜ್ ಆದ ಪಾಲಿಮರ್ ಮೇಲ್ಮೈನ ಅತಿ ಸೂಕ್ಷ್ಮವಾಗಿ ಅಳೆದು ನೋಡಿದಾಗ, ಪೂರ್ತಿ ಪ್ಲಸ್ಸೋ ಪೂರ್ತಿ ಮೈನಸ್ಸೋ ಇರ್ಲಿಲ್ಲ, ಎರಡೂ ಮಚ್ಚೆ ಮಚ್ಚೆಯಾಗಿ ಕಲಸಿಕೊಂಡಿತ್ತು, ಒಟ್ಟು ಕೂಡಿ ಕಳೆದ್ಮೇಲೆ ಉಳಿಯೋ ಸಣ್ಣ ವ್ಯತ್ಯಾಸವೇ ನಾವು ನೋಡೋ ಚಾರ್ಜು. ಒಂದೇ ಥರದ ಎರಡು ಪಾಲಿಮರ್ ತುಂಡು ತಾಗಿದ್ರೂ ಚಾರ್ಜ್ ಆಗತ್ತೆ, ಫ್ಲೀಸ್‌ನ ಅದ್ರ ಮೇಲೇ ಮಡಚಿ ಬಿಡಿಸಿದ್ರೂ ಚಟ್ ಅನ್ನೋದು ನೀವು ನೋಡಿರ್ತೀರಿ. 2025ರಲ್ಲಿ ಆಸ್ಟ್ರಿಯಾದ ಒಂದು ತಂಡ ಇದ್ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಒಂದೇ ಸಿಲಿಕೋನ್ ರಬ್ಬರಿನ ತುಂಡುಗಳನ್ನ ಪದೇ ಪದೇ ತಾಗಿಸಿದ್ರೆ, ಜಾಸ್ತಿ ಸಲ ತಾಗಿದ ತುಂಡು ಕಮ್ಮಿ ಸಲ ತಾಗಿದ್ದಕ್ಕೆ ಹೋಲಿಸಿದ್ರೆ ಮೈನಸ್ ಆಗತ್ತೆ ಅಂತ ತೋರಿಸಿದ್ರು. ಅಂದ್ರೆ ವಸ್ತು ಯಾವುದು ಅನ್ನೋದಷ್ಟೇ ಅಲ್ಲ, ಅದು ಇಲ್ಲೀತನಕ ಏನೇನಕ್ಕೆ ಎಷ್ಟು ಸಲ ತಾಗಿದೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಸಾವಿರಾರು ವರ್ಷದಿಂದ ಮನುಷ್ಯ ನೋಡ್ತಿರೋ ವಿಷ್ಯ ಇದು, ಇನ್ನೂ ಹೊಸದು ಸಿಗ್ತಾನೇ ಇದೆ, ಅದೂ ನಮ್ಮ ಹಾಸಿಗೆ ಮೇಲೆ ದಿನಾ ನಡಿಯೋ ಕೆಲಸದಲ್ಲಿ. ಕ್ಲಾಸಲ್ಲಿ ಈ ಪಾಠ ಬಂದಾಗ ಮಕ್ಕಳಿಗೆ ಬಾಚಣಿಗೆ ಕಾಗದದ ಚೂರು ಅಂತ ಹೇಳೋದ್ರ ಜೊತೆ ನಾನೀಗ ಕಂಬಳಿ ಕಥೆನೂ ಹೇಳ್ತೀನಿ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ ಧೂಳು. ಚಾರ್ಜ್ ಆದ ಎಳೆ ಅಕ್ಕಪಕ್ಕದ ಹಗುರ ವಸ್ತು ಎಲ್ಲ ಎಳ್ಕೊಳ್ಳತ್ತೆ. ಅಡಿಕೆ ಸುಲಿಯೋ ದಿನಗಳಲ್ಲಿ ಮನೆ ತುಂಬ ಸಿಪ್ಪೆ ಧೂಳು ಇರತ್ತಲ್ಲ, ಅದೂ ಒಲೆ ಬೂದಿನೂ ನಾಯಿ ಕೂದಲೂ ಎಲ್ಲ ಇದ್ರ ಮೇಲೆ. ಕೊಡವಿದ್ರೆ ಇನ್ನೂ ಚಾರ್ಜ್ ಆಗಿ ಇನ್ನೂ ಅಂಟತ್ತೆ. ಒದ್ದೆ ಬಟ್ಟೆ ಹಿಂಡಿ ಅದ್ರಲ್ಲಿ ಮೇಲಿಂದ ಒರೆಸಿದ್ರೆ ಬಿಡತ್ತೆ. ದಮ್ಮು ಅಲರ್ಜಿ ಇರೋರು ಇದನ್ನ ಯೋಚಿಸಿ ತಗೊಳ್ಳಿ.

ಚಟಚಟ ಕಮ್ಮಿ ಮಾಡೋಕೆ ನಂಗೆ ಕೆಲಸಕ್ಕೆ ಬಂದಿದ್ದು ಹೇಳ್ತೀನಿ. ಕೊನೇ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಸ್ವಲ್ಪ ಹಾಕಿ, ಅದ್ರ ಅಣುವಿನ ಒಂದು ತುದಿ ಎಳೆಗೆ ಅಂಟ್ಕೊಳ್ಳತ್ತೆ, ಇನ್ನೊಂದು ತುದಿ ಗಾಳಿಯ ತೇವ ಎಳ್ಕೊಳ್ಳತ್ತೆ, ಹಂಗಾಗಿ ಚಾರ್ಜ್ ಹೋಗೋಕೆ ದಾರಿ ಆಗತ್ತೆ. ಜಾಸ್ತಿ ಹಾಕಿದ್ರೆ ರೋಮ ಅಂಟಂಟಾಗಿ ಮೆತ್ತಗಿನ ಗುಣ ಹಾಳಾಗತ್ತೆ. ಅದಕ್ಕಿಂತ ಸುಲಭದ್ದು, ಕಂಬಳಿ ಕೆಳಗೆ ಒಂದು ಕಾಟನ್ ಪಂಚೆನೋ ಹಳೇ ಸೀರೆನೋ ಸೇರಿಸಿ ಹೊದೀರಿ, ಕರಿ ಕಂಬಳಿ ಮತ್ತೆ ಫ್ಲೀಸ್ ನೇರ ತಾಗಿಸ್ಬೇಡಿ. ಎದ್ದ ತಕ್ಷಣ ಬರಿಗಾಲಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತ್ರೆ ಮೈ ಚಾರ್ಜ್ ತಾನಾಗೇ ಇಳಿಯತ್ತೆ, ಹವಾಯಿ ಚಪ್ಪಲಿ ಹಾಕ್ಕೊಂಡು ಓಡಾಡೋರಿಗೇ ಚಿಲಕದ ಶಾಕ್ ಜಾಸ್ತಿ. ಅಥವಾ ಕೈಲಿ ಒಂದು ಬೀಗದ ಕೈ ಹಿಡ್ಕೊಂಡು ಅದನ್ನ ಮೊದ್ಲು ಲೋಹಕ್ಕೆ ತಾಗಿಸಿ, ಕಿಡಿ ಅಲ್ಲಿ ಹಾರತ್ತೆ, ಬೆರಳಿಗೆ ನೋವಿಲ್ಲ.

ಒಂದು ವಿಷ್ಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನಮ್ಮ ಕಡೆ ಕಳೆ ಕೊಚ್ಚೋ ಮಷಿನ್ನಿಗೆ ಅಂತ ಪೆಟ್ರೋಲನ್ನ ಪ್ಲಾಸ್ಟಿಕ್ ಕ್ಯಾನಲ್ಲಿ ತಂದು ಮಲಗೋ ಕೋಣೆ ಮೂಲೇಲೇ ಇಡೋ ಅಭ್ಯಾಸ ಸುಮಾರು ಮನೇಲಿದೆ. ಗಾಳಿ ಜೊತೆ ಸರಿಯಾದ ಪ್ರಮಾಣದಲ್ಲಿ ಸೇರಿದ ಪೆಟ್ರೋಲ್ ಆವಿಗೋ ಗ್ಯಾಸಿಗೋ ಬೆಂಕಿ ಹತ್ತೋಕೆ ಸುಮಾರು ಕಾಲು ಮಿಲಿಜೂಲ್ ಸಾಕು, ಮೇಲೆ ಹೇಳಿದ 5 ಮಿಲಿಜೂಲ್ ಅದ್ರ ಇಪ್ಪತ್ತರಷ್ಟು. ನಮ್ಮ ಮೈಗೆ ಏನೂ ಮಾಡದ ಕಿಡಿ ಅಲ್ಲಿ ಅನಾಹುತ ಮಾಡತ್ತೆ. ಕ್ಯಾನ್ ಮನೆಯಿಂದ ಹೊರಗೆ ಕೊಟ್ಟಿಗೆ ಆಚೆ ಗಾಳಿ ಆಡೋ ಕಡೆ ಇಡಿ, ಅದೂ ಪ್ಲಾಸ್ಟಿಕ್ ಬದ್ಲು ಲೋಹದ್ದು ಇದ್ರೆ ಒಳ್ಳೇದು, ತುಂಬಿಸುವಾಗ ನೆಲದ ಮೇಲಿಟ್ಟೇ ತುಂಬಿಸಿ. ಗ್ಯಾಸ್ ವಾಸನೆ ಬಂದ್ರೆ ಕಂಬಳಿ ಕೊಡವೋದು ಬೇಡ, ಮೊದ್ಲು ಕಿಟಕಿ ಬಾಗಿಲು ತೆಗೀರಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟೋ ಪದಾರ್ಥ, ಹೊಡಸಲ (ಚಳಿ ಕಾಯಿಸೋ ಬೆಂಕಿ) ಹತ್ರ ಹೊದ್ಕೊಂಡು ಕೂರೋ ಅಜ್ಜ ಅಜ್ಜಿಯರಿಗೆ ಇದು ಬೇಡ, ಅವ್ರಿಗೆ ಉಣ್ಣೆ ಕಂಬಳಿನೇ ಸರಿ, ಉಣ್ಣೆ ಅಷ್ಟು ಸುಲಭಕ್ಕೆ ಹತ್ಕೊಳ್ಳಲ್ಲ.

ಡಬಲ್ ಸೈಜೇ ತಗೊಳ್ಳಿ, ಸಿಂಗಲ್ ಅಂತ ಕೊಡೋದು ಎತ್ತರದೋರಿಗೆ ಕಾಲು ಮುಚ್ಚಲ್ಲ. ಅಂಗಡೀಲಿ ಜಿಪ್ ಬ್ಯಾಗ್ ಬಿಚ್ಚಿಸಿ ಲೇಬಲ್ ನೋಡಿ, ಅಂಚಿನ ಹೊಲಿಗೆ ಎಳೆದು ನೋಡಿ, ರೋಮ ಕೈಗೆ ಉದುರಿ ಬಂದ್ರೆ ಅದನ್ನ ಬಿಟ್ಟು ಬೇರೆ ಕೇಳಿ, ಅದೇ ನಿಜವಾದ ಡಿಫೆಕ್ಟ್. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಹೋದ್ರೆ ರೇಟಲ್ಲಿ ಸ್ವಲ್ಪ ಬಿಡ್ತಾರೆ, ಡಿಸೆಂಬರಲ್ಲಿ ಚೌಕಾಸಿ ನಡಿಯಲ್ಲ.